ವೆಟ್‌ಸೂಟ್ ತೊಡಬೇಕೇ, ಬೇಡವೇ: ಟ್ರಯಥ್ಲಾನ್ ಈಜಿಗೆ ಮುಂಚಿನ ಲೆಕ್ಕಾಚಾರ

ಗೋವಾದ ಮಿರಾಮಾರ್ ಕಡಲತೀರದಲ್ಲಿ 2019ರ ಅಕ್ಟೋಬರ್‌ನಲ್ಲಿ ಐರನ್‌ಮ್ಯಾನ್ 70.3 (ಪೂರ್ಣ ಐರನ್‌ಮ್ಯಾನ್‌ನ ಅರ್ಧ ದೂರದ ರೇಸು) ಶುರುವಾದ ಮೇಲೆ ಕರ್ನಾಟಕದಿಂದ ಈಜು, ಸೈಕಲ್, ಓಟ ಮೂರೂ ಸೇರಿದ ಟ್ರಯಥ್ಲಾನ್ ಕಡೆ ಬಂದವರು ಬಹಳ ಮಂದಿ. ಮೊದಲ ರೇಸು ಗೋವಾದ್ದಾದರೆ ವೆಟ್‌ಸೂಟಿನ, ಅಂದರೆ ಮೈಯನ್ನು ಬೆಚ್ಚಗಿಟ್ಟು ತೇಲಿಸುವ ರಬ್ಬರ್ ಈಜುಡುಪಿನ, ಯೋಚನೆಯೇ ಬೇಕಿಲ್ಲ. ಮಳೆಗಾಲ ಮುಗಿದ ಹೊತ್ತಿಗೆ ಅಲ್ಲಿನ ಕಡಲು 28ರಿಂದ 30 ಡಿಗ್ರಿ ಸೆಲ್ಸಿಯಸ್ ಇರುತ್ತದೆ; ಆ ನೀರಿನಲ್ಲಿ ರಬ್ಬರ್ ಉಡುಪು ತೊಟ್ಟು 1.9 ಕಿಲೋಮೀಟರ್ ಈಜುವುದು ಅಪಾಯ. ಪ್ರಶ್ನೆ ಏಳುವುದು ಮುಂದಿನ ರೇಸಿಗೆ ಹೊರದೇಶದ ಊರು ಆರಿಸಿಕೊಂಡಾಗ. ಸ್ವೀಡನ್ನಿನ ಕಲ್ಮಾರ್, ಡೆನ್ಮಾರ್ಕಿನ ಕೋಪನ್‌ಹೇಗನ್, ಪಶ್ಚಿಮ ಆಸ್ಟ್ರೇಲಿಯಾದ ಬಸಲ್ಟನ್, ನ್ಯೂಜಿಲೆಂಡಿನ ಟೌಪೋ, ಹತ್ತಿರದ ಬಹ್ರೇನ್, ದುಬೈ. ನೋಂದಣಿಯ ಹಣ ಕಟ್ಟಿದ ಮರುದಿನದಿಂದಲೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಸಾಲುಗಟ್ಟುತ್ತವೆ: ಸೂಟ್ ಕೊಳ್ಳುವುದೇ, ಬಾಡಿಗೆಗೆ ತೆಗೆದುಕೊಳ್ಳುವುದೇ, ಯಾವ ದಪ್ಪದ್ದು, ಬೆಂಗಳೂರಿನ ಬೆಚ್ಚಗಿನ ಕೊಳದಲ್ಲಿ ಅಭ್ಯಾಸ ಮಾಡುವುದು ಹೇಗೆ, ರೇಸಿನ ಬೆಳಿಗ್ಗೆ ನೀರು 25 ಡಿಗ್ರಿ ಎಂದು ಘೋಷಿಸಿದರೆ ಏನು ಮಾಡುವುದು.

ನಿಯಮಪುಸ್ತಕ ನೋಡಿದರೆ ಸೂಟ್ ತೊಡಲು ಅನುಮತಿ ಇದೆಯೇ ಎಂಬುದಷ್ಟೇ ಗೊತ್ತಾಗುತ್ತದೆ. ತೊಡುವುದು ಒಳ್ಳೆಯದೇ ಎಂದು ತಿಳಿಯಬೇಕಾದರೆ ನಿಮ್ಮ ಕಾಲು, ಭುಜ, ಉಸಿರು ಮೂರನ್ನೂ ಸೂಟಿನೊಳಗೆ ಪರೀಕ್ಷಿಸಿ ನೋಡಿರಬೇಕು. ಈ ಎರಡನೆಯ ಕೆಲಸವನ್ನು ಬಿಟ್ಟವರೇ ನೀರಿನಲ್ಲಿ ಕಷ್ಟಪಡುವುದು.

ಆದರೂ ನಿಯಮದಿಂದಲೇ ಶುರು ಮಾಡೋಣ, ಏಕೆಂದರೆ ಅದು ಎರಡು ಬಗೆ. ಈ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟವಾದ ವರ್ಲ್ಡ್ ಟ್ರಯಥ್ಲಾನ್ ನಿಯಮದ ಪ್ರಕಾರ ನಡೆಯುವ ರೇಸುಗಳಲ್ಲಿ ಏಜ್ ಗ್ರೂಪ್ ಸ್ಪರ್ಧಿಗಳಿಗೆ (ವಯಸ್ಸಿನ ಗುಂಪುಗಳಲ್ಲಿ ಸ್ಪರ್ಧಿಸುವ ಹವ್ಯಾಸಿಗಳಿಗೆ) 1500 ಮೀಟರ್‌ವರೆಗಿನ ಈಜಿನಲ್ಲಿ ನೀರು 22 ಡಿಗ್ರಿ ಮುಟ್ಟಿದರೆ ವೆಟ್‌ಸೂಟ್ ನಿಷಿದ್ಧ. 1500 ಮೀಟರ್ ದಾಟಿದ ಈಜಿಗೆ ಆ ಗಡಿ 24.6 ಡಿಗ್ರಿ. ನೀರು 15.9 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿದ್ದರೆ ವೆಟ್‌ಸೂಟ್ ಕಡ್ಡಾಯ. ಎಲೀಟ್ ಸ್ಪರ್ಧಿಗಳಿಗೆ ಗಡಿ ಇನ್ನೂ ಕೆಳಗೆ, 1500 ಮೀಟರಿಗೆ 20 ಡಿಗ್ರಿ. ಐರನ್‌ಮ್ಯಾನ್ ರೇಸುಗಳಲ್ಲಿ ಏಜ್ ಗ್ರೂಪ್‌ನವರು 24.5 ಡಿಗ್ರಿವರೆಗೆ ಸೂಟ್ ತೊಡಬಹುದು. 24.6ರಿಂದ 28.8ರವರೆಗೆ ಬೇಕಿದ್ದವರು ತೊಡಬಹುದು, ಆದರೆ ತೊಟ್ಟವರಿಗೆ ಏಜ್ ಗ್ರೂಪ್ ಪ್ರಶಸ್ತಿಯೂ ಇಲ್ಲ, ವಿಶ್ವ ಚಾಂಪಿಯನ್‌ಷಿಪ್‌ನ ಸ್ಥಾನವೂ ಇಲ್ಲ. 28.8 ದಾಟಿದರೆ ಯಾರಿಗೂ ಇಲ್ಲ. ಎರಡೂ ಕಡೆ ಸೂಟಿನ ದಪ್ಪ ಎಲ್ಲಿಯೂ 5 ಮಿಲಿಮೀಟರ್ ಮೀರಬಾರದು. ಅಮೆರಿಕದ ಸ್ಥಳೀಯ ರೇಸುಗಳು ಅಲ್ಲಿನ ಒಕ್ಕೂಟದ ನಿಯಮದಂತೆ 78 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 25.6 ಸೆಲ್ಸಿಯಸ್ಸನ್ನು ಗಡಿಯಾಗಿ ಇಟ್ಟುಕೊಂಡಿವೆ. ಹೀಗೆ ಒಂದೇ ಕೆರೆ, ಒಂದೇ ಬೆಳಿಗ್ಗೆ, ಒಂದೇ 23 ಡಿಗ್ರಿ ನೀರು ಇದ್ದರೂ ಒಲಿಂಪಿಕ್ ದೂರದ (1500 ಮೀಟರ್ ಈಜಿನ) ರೇಸಿನಲ್ಲಿ ಸೂಟ್ ನಿಷೇಧವಾಗಿರಬಹುದು, 70.3ರಲ್ಲಿ ಎಲ್ಲರೂ ತೊಟ್ಟಿರಬಹುದು. ನಿಮ್ಮ ರೇಸಿನ ಅಥ್ಲೀಟ್ ಗೈಡ್‌ನಲ್ಲಿ ಯಾವ ನಿಯಮ ಅನ್ವಯ ಎಂಬ ಸಾಲನ್ನು ಮೊದಲು ಹುಡುಕಿ ಓದಿ. ಬೇರೆ ರೇಸಿಗೆ ಹೋಗಿಬಂದವರ ಮಾತನ್ನು ನಂಬಿ ಕೂರಬೇಡಿ.

ನೀರನ್ನು ಅಳೆಯುವ ಕ್ರಮವೂ ತಿಳಿದಿರಲಿ. ವರ್ಲ್ಡ್ ಟ್ರಯಥ್ಲಾನ್ ಪದ್ಧತಿಯಲ್ಲಿ ಸ್ಪರ್ಧೆಗೆ ಒಂದು ಗಂಟೆ ಮುಂಚೆ, 60 ಸೆಂಟಿಮೀಟರ್ ಆಳದಲ್ಲಿ, ಈಜುಹಾದಿಯ ನಡುಮಧ್ಯ ಮತ್ತು ಇನ್ನೆರಡು ಕಡೆ ಅಳೆದು, ಅವುಗಳಲ್ಲಿ ಕಡಿಮೆ ಬಂದದ್ದನ್ನು ಅಧಿಕೃತ ಎನ್ನುತ್ತಾರೆ. ಹಿಂದಿನ ಮಧ್ಯಾಹ್ನ ದಡದಲ್ಲಿ ಕಾಲಿಟ್ಟು ನೋಡಿದ ಬೆಚ್ಚಗಿನ ನೀರು ಮೇಲ್ಪದರದ್ದು; ಬಿಸಿಲಿಗೆ ಕಾದಿರುತ್ತದೆ. ರಾತ್ರಿ ಮಳೆ ಬಂದರೆ, ಗಾಳಿ ಬೀಸಿ ತಳದ ನೀರು ಮೇಲೆ ಬಂದರೆ ಕೆರೆಯ ನೀರು ಬೆಳಗಾಗುವುದರಲ್ಲಿ ಎರಡು ಡಿಗ್ರಿ ಇಳಿಯುವುದು ಅಪರೂಪವಲ್ಲ. ಗಡಿಯಿಂದ ಎರಡು ಡಿಗ್ರಿ ಆಚೀಚೆ ಇರುವ ಯಾವ ರೇಸಿಗೂ ಎರಡೂ ಬಗೆಯ ತಯಾರಿ ಮಾಡಿಕೊಂಡು ಹೋಗಬೇಕು. ಐದಾರು ಡಿಗ್ರಿ ದೂರವಿದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಈಗ ಸೂಟ್ ಮಾಡುವ ಕೆಲಸಕ್ಕೆ ಬರೋಣ. ನಿಯೋಪ್ರೀನ್ ಎಂದರೆ ಒಳಗೆಲ್ಲ ಸಣ್ಣ ಸಣ್ಣ ಅನಿಲದ ಗುಳ್ಳೆಗಳಿರುವ ರಬ್ಬರ್. ಆ ಗುಳ್ಳೆಗಳೇ ಚಳಿಯನ್ನು ತಡೆಯುವುದು, ಅವೇ ಮೈಯನ್ನು ಮೇಲೆತ್ತುವುದು. ಟ್ರಯಥ್ಲಾನ್ ಸೂಟಿನಲ್ಲಿ ತೊಡೆ, ಸೊಂಟ, ಎದೆಯ ಭಾಗ 4–5 ಮಿ.ಮೀ. ದಪ್ಪ, ಭುಜ, ಕಂಕುಳು, ತೋಳು 1.5–2 ಮಿ.ಮೀ. ಮಾತ್ರ. ಹೊರಮೈಗೆ ನೀರು ಜಾರುವಂಥ ನುಣುಪು ಲೇಪನ. ಸರ್ಫಿಂಗ್, ಡೈವಿಂಗ್ ಸೂಟುಗಳಿಗೆ ಹೊರಗೂ ಬಟ್ಟೆಯ ಪದರ ಇರುತ್ತದೆ, ಭುಜವೂ ದಪ್ಪ. ಅದನ್ನು ತೊಟ್ಟು ಫ್ರೀಸ್ಟೈಲ್ ಈಜಿದರೆ ನಾನೂರು ಮೀಟರಿಗೆ ತೋಳು ಸೋಲುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಡೈವಿಂಗ್ ಸೂಟ್ ಕೊಳ್ಳಬೇಡಿ.

ಕೊಳದಲ್ಲಿ ದೊಡ್ಡವರಾದ ಮೇಲೆ ಈಜು ಕಲಿತವರಲ್ಲಿ, ಅದರಲ್ಲೂ ಸೈಕಲ್ ಮತ್ತು ಓಟದಿಂದ ಬಂದ ಗಂಡಸರಲ್ಲಿ, ಕಾಲು ಮುಳುಗುವುದು ಸಾಮಾನ್ಯ ದೋಷ. ತಲೆ ಎತ್ತಿ ಈಜುತ್ತಾರೆ, ಸೊಂಟ ಇಳಿಯುತ್ತದೆ, ತೊಡೆ ನೀರನ್ನು ತಳ್ಳುತ್ತಾ ಬ್ರೇಕ್ ಹಾಕುತ್ತದೆ. ಇಂಥವರಿಗೆ ವೆಟ್‌ಸೂಟ್ ಸೊಂಟವನ್ನೂ ಕಾಲನ್ನೂ ಮೇಲೆತ್ತಿ ಕೊಡುತ್ತದೆ. ನೂರು ಮೀಟರಿಗೆ ಐದರಿಂದ ಹತ್ತು ಸೆಕೆಂಡ್ ಉಳಿಯುವುದುಂಟು. ಚಿಕ್ಕಂದಿನಿಂದ ಸ್ಪರ್ಧೆಗೆ ಈಜಿದವರ ಮೈ ಆಗಲೇ ನೀರಿನ ಮಟ್ಟದಲ್ಲಿ ಇರುತ್ತದೆ. ಅವರಿಗೆ ಉಳಿತಾಯ ಕಡಿಮೆ, ಕೆಲವರಿಗೆ ಕಾಲು ಅತಿಯಾಗಿ ಮೇಲೆದ್ದು ಕಾಲು ಬಡಿತವೇ ನೀರಿನ ಹೊರಗೆ ಹೋಗುತ್ತದೆ.

ನೀವು ಯಾವ ಬಗೆ ಎಂದು ತಿಳಿಯಲು ಪುಲ್ ಬಾಯ್ (ಕಾಲನ್ನು ತೇಲಿಸುವ ಫೋಮ್ ತುಂಡು) ಸಾಕು. ಚೆನ್ನಾಗಿ ವಾರ್ಮಪ್ ಮಾಡಿ 400 ಮೀಟರ್ ಸಮವೇಗದಲ್ಲಿ ಈಜಿ ಸಮಯ ಬರೆದುಕೊಳ್ಳಿ. ಐದು ನಿಮಿಷ ಬಿಟ್ಟು, ತೊಡೆಗಳ ನಡುವೆ ಪುಲ್ ಬಾಯ್ ಇಟ್ಟು ಅದೇ ಶ್ರಮದಲ್ಲಿ ಇನ್ನೊಮ್ಮೆ 400. ಪುಲ್ ಬಾಯ್ ಇದ್ದಾಗ ನೂರು ಮೀಟರಿಗೆ ಐದು ಸೆಕೆಂಡಿಗಿಂತ ಹೆಚ್ಚು ವೇಗ ಬಂದರೆ ನಿಮ್ಮ ಕಾಲು ಮುಳುಗುತ್ತಿದೆ, ಸೂಟ್ ನಿಮಗೆ ದೊಡ್ಡ ಸಹಾಯ. ವ್ಯತ್ಯಾಸವೇ ಇಲ್ಲದಿದ್ದರೆ, ಅಥವಾ ಪುಲ್ ಬಾಯ್ ಇಟ್ಟಾಗ ನಿಧಾನವಾದರೆ, ಸೂಟ್ ನಿಮಗೆ ಮುಖ್ಯವಾಗಿ ಚಳಿಗೆ ಬೇಕಾದ ವಸ್ತು. ಕೊಳ್ಳುವಾಗಲೂ ಇದೇ ಲೆಕ್ಕ. ಕಾಲು ಮುಳುಗುವವರಿಗೆ ಕೆಳಭಾಗ 5, ಮೇಲ್ಭಾಗ 3 ಮಿ.ಮೀ. ಇರುವ ಸೂಟ್, ಮೈ ಸಮವಾಗಿ ತೇಲುವವರಿಗೆ ಎರಡೂ ಕಡೆ 4 ಇರುವಂಥದು. ಹೂಬ್ ಕಂಪನಿ ಇದನ್ನು 3:5, 4:4 ಎಂದು ಗುರುತು ಹಾಕಿಯೇ ಮಾರಿದೆ; ಬೇರೆ ತಯಾರಕರ ಸೂಟುಗಳಲ್ಲಿ ಪ್ರತಿ ಭಾಗದ ದಪ್ಪವನ್ನು ನೋಡಿ ನೀವೇ ಲೆಕ್ಕ ಹಾಕಬೇಕು.

ಉಪ್ಪುನೀರಿನ ಮಾತು ಇಲ್ಲಿ ಸೇರಬೇಕು. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಎರಡೂವರೆ ಪ್ರತಿಶತ ಸಾಂದ್ರ. ಕೊಲ್ಲಿಯ ನೀರು, ಬಹ್ರೇನ್ ಕಡೆಯದಂತೂ, ಇನ್ನೂ ಉಪ್ಪು. ಅಲ್ಲಿ ಸೂಟ್ ಇಲ್ಲದೆಯೂ ಮೈ ಮೇಲೆ ತೇಲುತ್ತದೆ. ಹಾಗಾಗಿ ಬಹ್ರೇನ್, ದುಬೈ ರೇಸುಗಳಲ್ಲಿ ಸೂಟಿನಿಂದ ಸಿಗುವ ವೇಗದ ಲಾಭ ಸಿಹಿನೀರಿನ ಕೆರೆಯಲ್ಲಿ ಸಿಗುವಷ್ಟು ಇರುವುದಿಲ್ಲ. ಚಳಿಗಾಲದಲ್ಲಿ ಆ ನೀರು 20–23 ಡಿಗ್ರಿ ಇರುವುದರಿಂದ ನಮ್ಮ ಕಡೆಯವರು ಚಳಿಗಾಗಿಯೇ ತೊಡುತ್ತಾರೆ, ಅದು ಸರಿಯೇ. ಆದರೆ ಸೂಟ್ ಸರಿಹೊಂದದಿದ್ದರೆ ಅಲ್ಲಿ ಬಿಟ್ಟು ಈಜಿದರೂ ಕಳೆದುಕೊಳ್ಳುವುದು ಹೆಚ್ಚಿಲ್ಲ. ಟೌಪೋದ ಸಿಹಿನೀರಿನ ಸರೋವರದಲ್ಲಿ ಅದೇ ಮಾತು ಹೇಳಲಾಗದು.

ತೋಳಿಲ್ಲದ ಸೂಟಿಗೂ ತುಂಬುತೋಳಿನದಕ್ಕೂ ನಡುವೆ ಆಯ್ಕೆ ಮಾಡುವಾಗ ಭುಜದ ಮಾತು ಕೇಳಿ. ತುಂಬುತೋಳಿನದು ಬೆಚ್ಚಗೆ, ವೇಗವೂ ಹೆಚ್ಚು. ಆದರೆ ಪ್ರತಿ ಕೈಬೀಸಿನಲ್ಲೂ ರಬ್ಬರನ್ನು ಎಳೆಯುವ ಕೆಲಸ ಭುಜದ ಮೇಲೆ ಬೀಳುತ್ತದೆ. ಪೂರ್ಣ ಐರನ್‌ಮ್ಯಾನ್‌ನ 3.8 ಕಿಲೋಮೀಟರಿಗೆ ಆ ಎಳೆತ ಸಾವಿರಾರು ಸಲ. ಭುಜದ ಹಳೆಯ ನೋವಿರುವವರು, ನೀರು 20 ಡಿಗ್ರಿಗಿಂತ ಮೇಲಿದ್ದರೆ, ತೋಳಿಲ್ಲದ್ದನ್ನು ಗಂಭೀರವಾಗಿ ಯೋಚಿಸಬೇಕು. 18ಕ್ಕಿಂತ ಕೆಳಗೆ ತುಂಬುತೋಳಿನದೇ ಇರಲಿ.

ಅಳತೆಯನ್ನು ಬರೀ ಟೀಶರ್ಟಿನ ಸೈಜ್ ನೋಡಿ ಆರಿಸಬಾರದು. ಪ್ರತಿ ತಯಾರಕರಿಗೂ ಎತ್ತರ ಮತ್ತು ತೂಕದ ಪಟ್ಟಿ ಇದೆ. ಎರಡು ಸೈಜುಗಳ ನಡುವೆ ಬಂದರೆ ಎದೆಯ ಸುತ್ತಳತೆ ತೀರ್ಮಾನಿಸಲಿ. ತೊಟ್ಟಾಗ ಒಣಗಿದ ಮೈಗೆ ಬಿಗಿ ಅನ್ನಿಸಬೇಕು, ಆದರೆ ಆಳವಾಗಿ ಉಸಿರೆಳೆಯಲು ಎದೆ ಹಿಗ್ಗಬೇಕು. ಸೊಂಟದ ಹಿಂಭಾಗದಲ್ಲಿ ಗಾಳಿಯ ಚೀಲ ಉಳಿದರೆ, ಕಂಕುಳಲ್ಲಿ ರಬ್ಬರ್ ಸುಕ್ಕುಗಟ್ಟಿದರೆ ದೊಡ್ಡದಾಯಿತು. ಅಲ್ಲಿ ನೀರು ತುಂಬಿ ಚೀಲ ಹೊತ್ತಂತೆ ಎಳೆಯುತ್ತದೆ. ಎರಡೂ ಕೈ ತಲೆಯ ಮೇಲೆ ಎತ್ತಿದಾಗ ತೊಡೆಸಂದು ಕೆಳಗೆ ಎಳೆದರೆ ಒಂದೋ ಸೂಟ್ ಗಿಡ್ಡ, ಇಲ್ಲವೇ ನೀವು ಅದನ್ನು ಮೇಲಕ್ಕೆ ಸರಿಯಾಗಿ ಏರಿಸಿಲ್ಲ. ಹೆಚ್ಚಿನ ಸಲ ಎರಡನೆಯದೇ ಕಾರಣ. ಯುರೋಪ್, ಅಮೆರಿಕದ ದೊಡ್ಡ ರೇಸುಗಳಿಗೆ ಸೂಟ್ ಬಾಡಿಗೆಗೆ ಕೊಡುವವರು ಇದ್ದಾರೆ. ವರ್ಷಕ್ಕೆ ಒಂದೇ ತಣ್ಣೀರಿನ ರೇಸಿಗೆ ಹೋಗುವವರಿಗೆ ಬಾಡಿಗೆ ಸಾಕು, ಒಂದು ಷರತ್ತಿನ ಮೇಲೆ: ಸೂಟ್ ರೇಸಿಗೆ ಮೂರು ದಿನ ಮುಂಚೆಯಾದರೂ ಕೈಗೆ ಸಿಗಬೇಕು, ಎರಡು ಸಲವಾದರೂ ಅದರಲ್ಲಿ ಈಜಿರಬೇಕು. ರೇಸಿನ ಬೆಳಿಗ್ಗೆ ಮೊದಲ ಬಾರಿಗೆ ತೊಡುವ ಸೂಟಿಗಿಂತ ಸೂಟ್ ಇಲ್ಲದಿರುವುದೇ ಮೇಲು, ನೀರು 20ರ ಆಸುಪಾಸಿನಲ್ಲಿದ್ದರೆ.

ಬೆಂಗಳೂರಿನಲ್ಲಿ ಅಭ್ಯಾಸ ಮಾಡುವವರ ನಿಜವಾದ ತೊಡಕು ತಣ್ಣೀರು ಸಿಗದಿರುವುದು. ಬೇಸಿಗೆಯಲ್ಲಿ ತೆರೆದ ಕೊಳಗಳ ನೀರು 27–28 ಡಿಗ್ರಿ ಮುಟ್ಟುತ್ತದೆ. ಅದರಲ್ಲಿ ಸೂಟ್ ತೊಟ್ಟು ಹತ್ತರಿಂದ ಹದಿನೈದು ನಿಮಿಷಕ್ಕಿಂತ ಹೆಚ್ಚು ಈಜಬಾರದು, ಅದೂ ನಿಧಾನವಾಗಿ. ತಲೆ ಭಾರವಾದರೆ, ಮುಖ ಬಿಸಿಯಾದರೆ ತಕ್ಷಣ ಹೊರಗೆ. ದೀರ್ಘ ಅಭ್ಯಾಸಕ್ಕೆ ಡಿಸೆಂಬರ್, ಜನವರಿಯ ಮುಂಜಾನೆ, ನೀರು ಬಿಸಿ ಮಾಡದ ತೆರೆದ ಕೊಳವೇ ಸೂಕ್ತ. ಆಗಸ್ಟಿನಲ್ಲಿ ಕಲ್ಮಾರ್‌ಗೆ ಹೋಗುವವರೂ ಹಿಂದಿನ ಚಳಿಗಾಲದಲ್ಲೇ ಸೂಟ್ ತಂದು ನಾಲ್ಕೈದು ಬೆಳಿಗ್ಗೆ 1000–1500 ಮೀಟರ್ ಈಜಿಟ್ಟುಕೊಂಡರೆ ಒಳ್ಳೆಯದು. ಮೈಗೆ ಅದು ನೆನಪಿರುತ್ತದೆ. ಕೊಳದ ಮ್ಯಾನೇಜರ್ ಅನುಮತಿ ಮುಂಚೆಯೇ ಕೇಳಿ. ಕ್ಲೋರಿನ್ ನಿಯೋಪ್ರೀನನ್ನು ಒಣಗಿಸಿ ಬಿರುಕು ಬಿಡಿಸುತ್ತದೆ, ಆದ್ದರಿಂದ ಮೇಲೆ ಬಂದ ಕೂಡಲೇ ಸಿಹಿನೀರಿನಲ್ಲಿ ಒಳಗೂ ಹೊರಗೂ ತೊಳೆಯಬೇಕು. ಇಷ್ಟಾದ ಮೇಲೂ ರೇಸಿನ ಊರಿಗೆ ನಾಲ್ಕು ದಿನ ಮುಂಚೆ ಹೋಗುವುದಕ್ಕೆ ಬದಲಿ ಇಲ್ಲ. ತಣ್ಣೀರಿನ ಭಯವನ್ನು ಇಳಿಸುವುದು ಆ ನೀರೇ.

ತೊಡುವ ಕ್ರಮ ಸಣ್ಣದೆಂದು ಕಾಣುತ್ತದೆ, ಆದರೆ ಭುಜ ಸೋಲುವುದರ ಅರ್ಧ ಕಾರಣ ಇಲ್ಲೇ ಇದೆ. ಉಗುರು ಕತ್ತರಿಸಿ, ಉಂಗುರ, ಗಡಿಯಾರ ತೆಗೆದಿಡಿ. ಕತ್ತಿನ ಸುತ್ತ, ಕಂಕುಳು, ಮಣಿಕಟ್ಟು, ಪಾದದ ಗಂಟಿನ ಮೇಲೆ ಬಾಡಿ ಗ್ಲೈಡ್‌ನಂಥ ಜಾರುಕ ಹಚ್ಚಿ; ವ್ಯಾಸಲೀನ್ ಬೇಡ, ಪೆಟ್ರೋಲಿಯಂ ಜೆಲ್ಲಿ ರಬ್ಬರನ್ನೂ ಅಂಟನ್ನೂ ಕೆಡಿಸುತ್ತದೆ. ಪಾದಕ್ಕೆ ತೆಳುವಾದ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಕಾಲು ತೂರಿಸಿ. ಬಳೆಗಾರರು ಬಿಗಿ ಬಳೆ ಏರಿಸಲು ಕೈಗೆ ಕವರ್ ತೊಡಿಸುವ ಉಪಾಯವೇ ಇದು, ಸಲೀಸಾಗಿ ಜಾರುತ್ತದೆ. ಅದೇ ಕವರನ್ನು ಮುಂದೆ ಕೈಗೂ ಬಳಸಿ. ಹೊರಮೈಯನ್ನು ಉಗುರಿನಿಂದ ಹಿಡಿದು ಎಳೆಯಬಾರದು. ಬೆರಳ ಹೊಟ್ಟೆಯಿಂದ, ಸಾಧ್ಯವಾದಷ್ಟೂ ಒಳಗಿನ ಬಟ್ಟೆಯ ಕಡೆಯಿಂದ ಹಿಡಿದು, ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸರಿಸಬೇಕು. ಕಣಕಾಲಿನಿಂದ ಮಂಡಿ, ಮಂಡಿಯಿಂದ ತೊಡೆ, ತೊಡೆಸಂದಿನಲ್ಲಿ ಒಂದಿಷ್ಟೂ ಜಾಗ ಉಳಿಯದಂತೆ ಏರಿದ ಮೇಲೆ ಮಾತ್ರ ಸೊಂಟ. ಆಮೇಲೆ ತೋಳು, ಮಣಿಕಟ್ಟಿನಿಂದ ಮೇಲಕ್ಕೆ ರಬ್ಬರನ್ನು ತಳ್ಳುತ್ತಾ ಭುಜದ ಮೇಲೆ ಸಡಿಲ ಕೂಡಿಸಬೇಕು. ಭುಜದ ಹತ್ತಿರ ಒಂದೆರಡು ಮಡಿಕೆ ಹೆಚ್ಚಿದ್ದರೆ ಒಳ್ಳೆಯದೇ, ಅದೇ ಕೈ ಬೀಸಲು ಬೇಕಾದ ಜಾಗ. ಟೈಮಿಂಗ್ ಚಿಪ್ಪಿನ ಪಟ್ಟಿ ಸೂಟಿನ ಕಾಲಿನ ಒಳಗಿರಲಿ, ಇಲ್ಲವಾದರೆ ಬಿಚ್ಚುವಾಗ ಸಿಕ್ಕಿಕೊಳ್ಳುತ್ತದೆ. ಜಿಪ್ ಎಳೆಯಲು ಪಕ್ಕದವರನ್ನು ಕೇಳಿ, ಎಳೆಯುವಾಗ ಭುಜದ ಮೂಳೆಗಳನ್ನು ಹಿಂದಕ್ಕೆ ಕೂಡಿಸಿ. ಕತ್ತಿನ ವೆಲ್ಕ್ರೋ ಒರಟು ಕಡೆ ಚರ್ಮಕ್ಕೆ ತಾಗದಂತೆ ಅಂಟಿಸಿ, ಜಿಪ್ಪಿನ ದಾರ ಎಲ್ಲಿದೆ ಎಂದು ಕೈಯಲ್ಲಿ ಮುಟ್ಟಿ ನೋಡಿಕೊಳ್ಳಿ.

ನೀರಿಗೆ ಇಳಿದ ಮೇಲೆ ಕತ್ತಿನ ಪಟ್ಟಿಯನ್ನು ಸ್ವಲ್ಪ ಎಳೆದು ಒಂದಿಷ್ಟು ನೀರು ಒಳಗೆ ಬಿಟ್ಟುಕೊಳ್ಳಿ, ಮತ್ತೆ ನಿಂತು ಹೊರಗೆ ಹರಿಯಲು ಬಿಡಿ. ಒಳಗಿನ ಗಾಳಿ ಹೋಗಿ ಸೂಟ್ ಮೈಗೆ ಅಂಟುತ್ತದೆ, ಬಿಗಿ ಕಡಿಮೆಯಾಗುತ್ತದೆ. ಈಜಿನ ಶೈಲಿಯೂ ಸ್ವಲ್ಪ ಬದಲಾಗಬೇಕು. ಕಾಲು ತಾನೇ ತೇಲುವುದರಿಂದ ಜೋರಾಗಿ ಬಡಿಯಬೇಕಿಲ್ಲ. ಸಮತೋಲಕ್ಕೆ ಬೇಕಾದಷ್ಟು ಬಡಿದರೆ ಸಾಕು, ತೊಡೆಗಳು ಸೈಕಲ್ಲಿಗೆ ಉಳಿಯುತ್ತವೆ. ಮೊಣಕೈ ಎತ್ತರಕ್ಕೆ ಮಡಿಸಿ ತರುವ ಕೈಬೀಸಿಗೆ ರಬ್ಬರ್ ಎದುರಾಡುತ್ತದೆ. ಕೈಯನ್ನು ತುಸು ಅಗಲವಾಗಿ, ನೇರವಾಗಿ ಬೀಸಿದರೆ ಭುಜಕ್ಕೆ ಹಗುರ. ದಿಕ್ಕು ನೋಡಲು ತಲೆ ಎತ್ತುವಾಗಲೆಲ್ಲ ಕತ್ತಿನ ಹಿಂಭಾಗ ಉಜ್ಜುತ್ತದೆ, ಉಪ್ಪುನೀರಿನಲ್ಲಿ ಅರ್ಧ ಗಂಟೆಯಲ್ಲಿ ಚರ್ಮ ಸುಲಿಯುತ್ತದೆ. ಆದ್ದರಿಂದ ಅಲ್ಲಿ ಜಾರುಕವನ್ನು ಧಾರಾಳವಾಗಿ ಹಚ್ಚಿ, ತಲೆಯನ್ನು ಕಣ್ಣು ನೀರಿನ ಮೇಲೆ ಬರುವಷ್ಟೇ ಎತ್ತಿ. ಬ್ರೆಸ್ಟ್‌ಸ್ಟ್ರೋಕ್ ನಂಬಿಕೊಂಡವರು ಇದನ್ನು ಗಮನಿಸಲೇಬೇಕು: ಸೂಟಿನಲ್ಲಿ ಕಾಲು ಮೇಲೆದ್ದು ಕಪ್ಪೆಒದೆತ ನೀರನ್ನು ಹಿಡಿಯುವುದಿಲ್ಲ. ಸುಸ್ತಾದಾಗ ಬ್ರೆಸ್ಟ್‌ಸ್ಟ್ರೋಕಿಗೆ ಬದಲಾಯಿಸುವ ರೂಢಿ ಇದ್ದವರು ಮೊದಲು ಅದನ್ನು ಸೂಟಿನಲ್ಲಿ ಪ್ರಯತ್ನಿಸಿ ನೋಡಿರಲಿ. ಆಗದವರು ಬೆನ್ನಿನ ಮೇಲೆ ತಿರುಗಿ ತೇಲಿ ಉಸಿರು ಸುಧಾರಿಸಿಕೊಳ್ಳುವುದನ್ನು ಕಲಿಯಬೇಕು. ಸೂಟ್ ಅದಕ್ಕೆ ಚೆನ್ನಾಗಿ ಒದಗುತ್ತದೆ.

ಚಳಿಯ ಮಾತು ಬೇರೆಯೇ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಸೆಳೆಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಎಸ್ಕೇಪ್ ಫ್ರಂ ಆಲ್ಕಟ್ರಾಜ್ ರೇಸಿನ ನೀರು ಜೂನ್‌ನಲ್ಲೂ 12–15 ಡಿಗ್ರಿ. ಬೇ ಏರಿಯಾದ ಕನ್ನಡಿಗರು ಅದಕ್ಕಾಗಿ ಅಲ್ಲಿನ ಅಕ್ವಾಟಿಕ್ ಪಾರ್ಕ್ ನೀರಿನಲ್ಲಿ ತಯಾರಾಗಬಹುದು. ಇಂಥ ನೀರಿಗೆ ಬಿದ್ದ ಮೊದಲ ಒಂದೆರಡು ನಿಮಿಷ ಏದುಸಿರು ತಾನಾಗಿ ಬರುತ್ತದೆ, ಎದೆಬಡಿತ ಏರುತ್ತದೆ, ಉಸಿರು ಹಿಡಿತಕ್ಕೆ ಸಿಗುವುದಿಲ್ಲ. ಮೈ ಬೆಚ್ಚಗಿದ್ದರೂ ಮುಖ, ಕೈ, ಕಾಲು ತೆರೆದೇ ಇರುವುದರಿಂದ ವೆಟ್‌ಸೂಟ್ ಇದನ್ನು ಪೂರ್ತಿ ತಡೆಯದು. ಬಿಗಿ ಸೂಟ್ ಎದೆಯನ್ನು ಒತ್ತಿ ಭಯವನ್ನು ಹೆಚ್ಚಿಸಲೂಬಹುದು. ಇದಕ್ಕೆ ಮದ್ದು ಸರಳ. ಸ್ಪರ್ಧೆ ಶುರುವಾಗುವ ಮುಂಚೆ ನೀರಿಗಿಳಿದು ಮುಖ ಮುಳುಗಿಸಿ ಗುಳ್ಳೆ ಬಿಡಿ, ಉಸಿರು ತಹಬಂದಿಗೆ ಬರುವವರೆಗೆ ಎರಡು ಮೂರು ನಿಮಿಷ ಕಾಯಿರಿ. ಮೊದಲೇ ಇಳಿಯಲು ಬಿಡದ ರೇಸುಗಳಲ್ಲಿ ಬಾಟಲಿಯ ತಣ್ಣೀರನ್ನು ಮುಖಕ್ಕೂ ಕತ್ತಿನೊಳಗೂ ಸುರಿದುಕೊಂಡು, ಮೊದಲ 200 ಮೀಟರ್ ಅಂಚಿನಲ್ಲಿ ನಿಧಾನವಾಗಿ ಈಜಿ. 15 ಡಿಗ್ರಿಗಿಂತ ಕೆಳಗೆ ಎರಡು ಕ್ಯಾಪ್ ಅಥವಾ ನಿಯಮ ಬಿಟ್ಟರೆ ನಿಯೋಪ್ರೀನ್ ಕ್ಯಾಪ್, ಕಿವಿಗೆ ಪ್ಲಗ್. ತಣ್ಣೀರು ಕಿವಿಗೆ ನುಗ್ಗಿದರೆ ತಲೆ ಸುತ್ತುತ್ತದೆ. ನಿಯೋಪ್ರೀನ್ ಕಾಲುಚೀಲಕ್ಕೆ ಐರನ್‌ಮ್ಯಾನ್ 18.3 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಮಾತ್ರ ಅನುಮತಿ ಕೊಡುತ್ತದೆ, ಕೈಗವಸಿಗೆ ಎಂದೂ ಇಲ್ಲ.

ಒಂದು ಎಚ್ಚರಿಕೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ತಣ್ಣೀರು, ಬಿಗಿ ಸೂಟ್, ಈಜಿಗೆ ಮುಂಚೆ ಅತಿಯಾಗಿ ನೀರು ಕುಡಿಯುವುದು, ರಕ್ತದೊತ್ತಡ ಇವು ಕೂಡಿದಾಗ ಕೆಲವರಿಗೆ ಈಜುವಾಗಲೇ ಶ್ವಾಸಕೋಶದಲ್ಲಿ ದ್ರವ ಸೇರುತ್ತದೆ. ಶ್ರಮಕ್ಕೆ ಮೀರಿದ ಉಬ್ಬಸ, ನಿಲ್ಲದ ಕೆಮ್ಮು, ಎದೆಯಲ್ಲಿ ಗುರುಗುರು ಸದ್ದು, ಗುಲಾಬಿ ಬಣ್ಣದ ನೊರೆ ಕಫ ಕಂಡರೆ ಕೈ ಎತ್ತಿ ಕಯಾಕಿನವರನ್ನು ಕರೆಯಬೇಕು. ಈಜಿ ಮುಗಿಸೋಣ ಎನ್ನುವ ಹಟ ಅಲ್ಲಿ ಜೀವಕ್ಕೇ ಅಪಾಯ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ತಣ್ಣೀರಿನ ರೇಸಿಗೆ ಹೆಸರು ಕೊಡುವ ಮೊದಲು ವೈದ್ಯರ ಬಳಿ ಈ ವಿಷಯವನ್ನೇ ಕೇಳಿ.

ಅತಿ ಕಷ್ಟದ ನಿರ್ಧಾರ ಇರುವುದು ತಣ್ಣೀರಿನಲ್ಲಲ್ಲ, 24.6ರಿಂದ 28.8ರ ನಡುವಿನ ನೀರಿನಲ್ಲಿ. ಅನುಮತಿ ಇದೆ, ಬಹುಮಾನ ಇಲ್ಲ. ಪ್ರಶಸ್ತಿಯ ಆಸೆ ಇಲ್ಲದ, ಕಟ್‌ಆಫ್ (ಈಜು ಮುಗಿಸಲೇಬೇಕಾದ ಸಮಯದ ಮಿತಿ) ಚಿಂತೆ ಇರುವ ಸ್ಪರ್ಧಿಗೆ ಸೂಟ್ ತೊಟ್ಟುಬಿಡೋಣ ಎನ್ನಿಸುವುದು ಸಹಜ. ಐರನ್‌ಮ್ಯಾನ್ ಪೂರ್ಣ ದೂರಕ್ಕೆ ಸಾಮಾನ್ಯವಾಗಿ 2 ಗಂಟೆ 20 ನಿಮಿಷ, 70.3ಕ್ಕೆ 1 ಗಂಟೆ 10 ನಿಮಿಷ ಈಜಿನ ಕಟ್‌ಆಫ್. ನಿಮ್ಮ ಕೊಳದ ವೇಗದಲ್ಲಿ ಲೆಕ್ಕ ಹಾಕಿ: 1.9 ಕಿ.ಮೀ.ಗೆ ನೂರು ಮೀಟರಿಗೆ 3 ನಿಮಿಷ 40 ಸೆಕೆಂಡ್ ಕಟ್‌ಆಫಿನ ಅಂಚು. ಕೊಳದಲ್ಲಿ 2 ನಿಮಿಷ 45 ಸೆಕೆಂಡಿನಲ್ಲಿ ಈಜುವವರಿಗೆ ತೆರೆದ ನೀರಿನ ಅಡ್ಡದಾರಿ, ಅಲೆ ಎಲ್ಲ ಸೇರಿದರೂ ಸೂಟ್ ಇಲ್ಲದೆ ಸಮಯ ಸಾಕಾಗುತ್ತದೆ. ಅವರು 26 ಡಿಗ್ರಿಯಲ್ಲಿ ಸೂಟ್ ತೊಡಲು ಕಾರಣವೇ ಇಲ್ಲ. 3 ನಿಮಿಷ 15 ಸೆಕೆಂಡಿಗಿಂತ ನಿಧಾನದವರಿಗೆ ಸೂಟ್ ಕೊಡುವ ಹತ್ತು ಸೆಕೆಂಡ್ ಮುಖ್ಯವಾಗಬಹುದು. ಆದರೆ ನಿಧಾನದವರೇ ನೀರಿನಲ್ಲಿ ಹೆಚ್ಚು ಹೊತ್ತು ಇರುವವರು, ಆದ್ದರಿಂದ ಹೆಚ್ಚು ಬಿಸಿಯಾಗುವವರೂ ಅವರೇ. ಈಜುವ ದೇಹ ಉಂಟುಮಾಡುವ ಶಾಖ ಬೆವರಿನಿಂದ ಹೋಗಲಾರದು, ಏಕೆಂದರೆ ನೀರಿನಲ್ಲಿ ಬೆವರು ಆರುವುದಿಲ್ಲ; ನೀರಿಗೆ ನೇರವಾಗಿ ಹೋಗಬೇಕಾದ ಶಾಖವನ್ನು ನಿಯೋಪ್ರೀನ್ ತಡೆಹಿಡಿಯುತ್ತದೆ. ಬೆಚ್ಚಗಿನ ನೀರು ಎಷ್ಟು ಅಪಾಯಕಾರಿ ಎಂಬುದಕ್ಕೆ 2010ರ ಅಕ್ಟೋಬರ್ 23ರ ದುರಂತ ಸಾಕು. ಅಂದು ಯುಎಇಯ ಫುಜೈರಾದಲ್ಲಿ 10 ಕಿಲೋಮೀಟರ್ ತೆರೆದ ನೀರಿನ ಸ್ಪರ್ಧೆಯಲ್ಲಿ ಅಮೆರಿಕದ ಫ್ರಾನ್ ಕ್ರಿಪನ್, 26ರ ವಯಸ್ಸಿನ ನುರಿತ ಈಜುಗಾರ, ತೀರಿಕೊಂಡರು. ಅವರ ಮೈಮೇಲೆ ವೆಟ್‌ಸೂಟ್ ಇರಲಿಲ್ಲ. ಆಮೇಲೆ ತೆರೆದ ನೀರಿನ ಈಜಿಗೆ 31 ಡಿಗ್ರಿಯ ಮೇಲ್ಮಿತಿ ಬಂತು.

ಹಾಗಾಗಿ ನಮ್ಮ ಅಭಿಪ್ರಾಯ ಸ್ಪಷ್ಟ: 26 ಡಿಗ್ರಿ ದಾಟಿದರೆ ತುಂಬುತೋಳಿನ ಸೂಟ್ ಬೇಡ, ಅನುಮತಿ ಇದ್ದರೂ. 24.6ರಿಂದ 26ರ ನಡುವೆ ಕಟ್‌ಆಫ್ ನಿಜವಾಗಿ ಹತ್ತಿರವಿದ್ದವರು ತೋಳಿಲ್ಲದ್ದನ್ನು ತೊಡಬಹುದು. ಕತ್ತಿನ ಪಟ್ಟಿ ಎಳೆದು ಆಗಾಗ ಹೊಸ ನೀರು ಒಳಗೆ ಬಿಡುತ್ತಿರಬೇಕು, ಎರಡನೆಯ ಕ್ಯಾಪ್ ಬೇಡವೇ ಬೇಡ. ತೊಟ್ಟವರನ್ನು ಹೆಚ್ಚಾಗಿ ಕೊನೆಯಲ್ಲಿ ಬಿಡುತ್ತಾರೆ, ದಡದಲ್ಲಿ ಕಪ್ಪು ರಬ್ಬರಿನೊಳಗೆ ಬಿಸಿಲಿಗೆ ಕಾಯಬೇಕಾಗುತ್ತದೆ. ಆ ಕಾಯುವಿಕೆಯೂ ಬಿಸಿಯ ಲೆಕ್ಕಕ್ಕೆ ಸೇರಬೇಕು. ಇಂಥ ರೇಸಿಗೆ ಹೋಗುವವರು ತಿಂಗಳುಗಟ್ಟಲೆ ಸೂಟ್ ಇಲ್ಲದೆ ಪೂರ್ತಿ ದೂರ ಈಜಿ ಅಭ್ಯಾಸ ಮಾಡಿರಲೇಬೇಕು. ಪುಲ್ ಬಾಯ್ ಬಿಡದೆ ಈಜುವವರು, ನಿಯೋಪ್ರೀನ್ ಚಡ್ಡಿ ತೊಟ್ಟೇ ಅಭ್ಯಾಸ ಮಾಡುವವರು ಸೂಟ್ ನಿಷೇಧವಾದ ಬೆಳಿಗ್ಗೆ ಕಂಗೆಡುತ್ತಾರೆ. ಆ ಚಡ್ಡಿಗೂ ಸೂಟ್ ನಿಷೇಧವಾದಾಗ ಅನುಮತಿ ಇಲ್ಲ. ಸ್ವಿಮ್‌ಸ್ಕಿನ್ (ಮೈಗಂಟುವ ತೆಳು ಈಜುಡುಪು) ತೊಡಬಹುದು, ಅದು ಪೂರ್ತಿ ಬಟ್ಟೆಯದಾಗಿರಬೇಕು, ರಬ್ಬರ್ ಲೇಪ ಇರಬಾರದು, ಮೊಣಕೈ ಮೊಣಕಾಲು ದಾಟಬಾರದು. ಅದು ತೇಲಿಸುವುದಿಲ್ಲ, ಟ್ರೈಸೂಟಿನ (ಈಜು, ಸೈಕಲ್, ಓಟ ಮೂರಕ್ಕೂ ತೊಡುವ ಉಡುಪಿನ) ಜೇಬುಗಳಿಗೆ ನೀರು ಸಿಕ್ಕಿಕೊಳ್ಳುವುದನ್ನು ತಪ್ಪಿಸುತ್ತದೆ, ಅಷ್ಟೇ. ಮೀನಖಂಡಕ್ಕೆ ತೊಡುವ ಕಂಪ್ರೆಷನ್ ಪಟ್ಟಿಯನ್ನೂ ಆಗ ಈಜು ಮುಗಿದ ಮೇಲೆಯೇ ಹಾಕಿಕೊಳ್ಳಬೇಕು.

ಸೂಟ್ ಬಿಚ್ಚುವ ಸಮಯವನ್ನು ಉಳಿತಾಯದಿಂದ ಕಳೆಯಲು ಮರೆಯಬೇಡಿ. ಅಭ್ಯಾಸ ಇದ್ದವರಿಗೆ ಮೂವತ್ತು ಸೆಕೆಂಡ್, ಇಲ್ಲದವರಿಗೆ ಎರಡು ನಿಮಿಷ. 750 ಮೀಟರಿನ ಸ್ಪ್ರಿಂಟ್ ರೇಸಿನಲ್ಲಿ ನೀರು 21 ಡಿಗ್ರಿ ಇದ್ದರೆ, ಚೆನ್ನಾಗಿ ಈಜುವವರಿಗೆ ಲಾಭ ಇಲ್ಲೇ ಕರಗಿಹೋಗುತ್ತದೆ. ನೀರಿನಿಂದ ಏಳುತ್ತಲೇ, ಸೂಟಿನೊಳಗೆ ನೀರಿನ ಪದರ ಇನ್ನೂ ಇರುವಾಗಲೇ, ಜಿಪ್ ಎಳೆದು ಓಡುತ್ತಾ ಸೊಂಟದವರೆಗೆ ಇಳಿಸಿ. ಕ್ಯಾಪ್, ಗಾಗಲ್ಸ್ ಕೈಯಲ್ಲಿದ್ದರೆ ತೋಳಿನೊಳಗೆ ಸಿಕ್ಕಿಕೊಳ್ಳುತ್ತವೆ, ತೋಳು ಬಿಡಿಸಿದ ಮೇಲೆ ಅವನ್ನು ತೆಗೆಯಿರಿ. ಸೈಕಲ್ ಹತ್ತಿರ ಮಂಡಿಯ ಕೆಳಗೆ ತಳ್ಳಿ, ಒಂದು ಕಾಲಿನಿಂದ ಸೂಟನ್ನು ಮೆಟ್ಟಿ ಇನ್ನೊಂದನ್ನು ಎಳೆಯಿರಿ. ಹಿಮ್ಮಡಿಯಲ್ಲೇ ಪ್ರತಿ ಸಲ ಸಿಕ್ಕಿಕೊಳ್ಳುತ್ತಿದ್ದರೆ ಸೂಟಿನ ಕಾಲಿನ ತುದಿಯನ್ನು ಹರಿತ ಕತ್ತರಿಯಿಂದ ಎರಡು ಮೂರು ಸೆಂಟಿಮೀಟರ್ ಸಮವಾಗಿ ಕತ್ತರಿಸಬಹುದು. ಬಾಡಿಗೆ ಸೂಟಿಗೆ ಇದು ಸಲ್ಲದು.

ರೇಸಿನ ಹಿಂದಿನ ದಿನ ಎರಡು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಇಷ್ಟು ಡಿಗ್ರಿವರೆಗೆ ತೊಡುತ್ತೇನೆ, ಇಷ್ಟರ ಮೇಲೆ ಅನುಮತಿ ಇದ್ದರೂ ತೊಡುವುದಿಲ್ಲ. ಬೆಳಿಗ್ಗೆ ಸುತ್ತಲಿನವರನ್ನು ನೋಡಿ ಮನಸ್ಸು ಬದಲಾಯಿಸುವುದು ಆಗ ತಪ್ಪುತ್ತದೆ. ಚೀಲದಲ್ಲಿ ಸೂಟ್, ಜಾರುಕ, ಪ್ಲಾಸ್ಟಿಕ್ ಕವರ್, ಟ್ರೈಸೂಟ್ ಅಥವಾ ಸ್ವಿಮ್‌ಸ್ಕಿನ್, ಹೆಚ್ಚಿನ ಗಾಗಲ್ಸ್ ಎಲ್ಲವೂ ಇರಲಿ. ಡಿಗ್ರಿ ಘೋಷಣೆಯಾದ ಮೇಲೆ ಸೂಟನ್ನು ಸೊಂಟದವರೆಗೆ ಮಾತ್ರ ಏರಿಸಿ ಓಡಾಡಿ, ಶುರುವಿಗೆ ಹದಿನೈದು ನಿಮಿಷ ಇರುವಾಗ ತೋಳು ಮತ್ತು ಜಿಪ್. ತೊಡುವುದಿಲ್ಲ ಎಂದಾದರೆ ಬೆಳಗಿನ ಚೀಲ ತೆಗೆದುಕೊಳ್ಳುವ ಕೌಂಟರ್ ಮುಚ್ಚುವ ಮುಂಚೆ ಸೂಟನ್ನು ಅಲ್ಲಿ ಒಪ್ಪಿಸಿಬಿಡಿ.

ಮನೆಗೆ ತಂದ ಸೂಟನ್ನು ಸಿಹಿನೀರಿನಲ್ಲಿ ತೊಳೆದು, ಮೊದಲು ಒಳಮೈ ಹೊರಗೆ ಮಾಡಿ, ಆಮೇಲೆ ಹೊರಮೈ, ನೆರಳಿನಲ್ಲಿ ಒಣಗಿಸಿ. ದಪ್ಪ ಹ್ಯಾಂಗರ್ ಮೇಲೆ ಸೊಂಟದ ಹತ್ತಿರ ಮಡಚಿ ಹಾಕಬೇಕು, ಭುಜದಿಂದ ತೂಗಿದರೆ ತೆಳುಭಾಗ ಹಿಗ್ಗುತ್ತದೆ. ಉಗುರು ತಾಗಿ ಅರ್ಧಚಂದ್ರದ ಗಾಯವಾಗಿದ್ದರೆ ಒಣಗಿದ ಮೇಲೆ ಅಕ್ವಾಸೀಲ್ ಅಥವಾ ಬ್ಲ್ಯಾಕ್ ವಿಚ್‌ನಂಥ ನಿಯೋಪ್ರೀನ್ ಅಂಟನ್ನು ತೆಳುವಾಗಿ ಹಚ್ಚಿ. ಬಿಟ್ಟರೆ ಮುಂದಿನ ಸಲ ತೊಡುವಾಗ ಅದು ಬೆರಳುದ್ದ ಹರಿಯುತ್ತದೆ. ಮಳೆಗಾಲದಲ್ಲಿ ಪೂರ್ತಿ ಒಣಗದೆ ಕಪಾಟಿಗೆ ಸೇರಿಸಿದರೆ ಹೊಲಿಗೆಯ ಒಳಗೆ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಫ್ಯಾನ್ ಕೆಳಗೆ ಎರಡು ದಿನ ಇಟ್ಟು, ತೋಳಿನ ತುದಿಯನ್ನು ಮುಟ್ಟಿ ನೋಡಿ ಒಳಗಿಡಿ.